ರತ್ತಿ ಪೆಟಿಟ್ ಮತ್ತು ಇಪ್ಪತ್ತಮೂರು ವರ್ಷಗಳ ಅಂತರ

ಜೀವನಚರಿತ್ರೆ ಎಂದ ಕೂಡಲೇ ನಮಗೆ ನೆನಪಾಗುವವರು ದೇಶಕ್ಕಾಗಿ ದುಡಿದವರು, ಗ್ರಂಥ ಬರೆದವರು, ಇಲ್ಲವೇ ಅಧಿಕಾರ ನಡೆಸಿದವರು. ನಾನು ಇಲ್ಲಿ ಬರೆಯಹೊರಟಿರುವ ಹೆಣ್ಣು ಇವರ ಸಾಲಿಗೆ ಸೇರಿದವಳಲ್ಲ. ಅವಳು ಚುನಾವಣೆಗೆ ನಿಲ್ಲಲಿಲ್ಲ, ಹುದ್ದೆ ಹಿಡಿಯಲಿಲ್ಲ, ಬದುಕಿದ್ದೂ ಬರೀ 29 ವರ್ಷ. ಆದರೆ ಅವಳ ಮದುವೆಯ ಸುದ್ದಿ 1918ರಲ್ಲಿ ನಮ್ಮ ಈ ಮುಂಬಯಿಯನ್ನು ಅಲ್ಲಾಡಿಸಿಬಿಟ್ಟಿತ್ತು. ಹೆಸರು ರತನ್‌ಬಾಯಿ ಪೆಟಿಟ್. ಎಲ್ಲರ ಬಾಯಲ್ಲಿ ರತ್ತಿ. ಕೈಹಿಡಿದ ಗಂಡ ಮಹಮ್ಮದಾಲಿ ಜಿನ್ನಾ.

ಜಿನ್ನಾ ಎಂದ ತಕ್ಷಣ ಕೆಲವರ ಹುಬ್ಬು ಮೇಲೇರುವುದು ಸಹಜ. ಮಿತ್ರರೇ, ನಾನು ರಾಜಕೀಯ ಬರೆಯಲು ಕೂತಿಲ್ಲ. 41 ವರ್ಷದ ಒಬ್ಬ ಗಂಡಸು, 18 ವರ್ಷದ ಒಬ್ಬ ಹುಡುಗಿ, ಅವರ ನಡುವಿನ ಪ್ರೀತಿ, ಅದರಿಂದ ಬಂದ ಲಾಭ, ತೆತ್ತ ಬೆಲೆ. ಇಷ್ಟೇ ನನ್ನ ವಿಷಯ. ರತ್ತಿ ನನ್ನ ಓರಗೆಯವಳಂತೆಯೇ ಕಾಣುತ್ತಾಳಾದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ, ಹಿರಿಯರು ಕ್ಷಮಿಸಬೇಕು.

ರತ್ತಿ ಹುಟ್ಟಿದ್ದು 1900ರ ಫೆಬ್ರವರಿ 20ರಂದು, ಮುಂಬಯಿಯಲ್ಲಿ. ತಂದೆ ಸರ್ ದಿನ್‌ಶಾ ಪೆಟಿಟ್, ಎರಡನೆಯ ಬ್ಯಾರೊನೆಟ್. ಬಟ್ಟೆ ಗಿರಣಿಗಳಿಂದ ಹಣ ಗಳಿಸಿ ದಾನಧರ್ಮಕ್ಕೆ ಹೆಸರಾದ ಪಾರ್ಸಿ ಮನೆತನ. ಪರೇಲಿನಲ್ಲಿ ಈಗಲೂ ಇರುವ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಇದೇ ಮನೆತನದ ಹೆಸರು ಹೊತ್ತಿದೆ. ಹುಡುಗಿ ಕಾವ್ಯ, ಕಾದಂಬರಿ ಎಂದರೆ ಊಟ ನಿದ್ದೆ ಮರೆಯುವವಳು. ನಾಯಿ, ಬೆಕ್ಕುಗಳೆಂದರೆ ಪ್ರಾಣ. ಮನೆಗೆ ದೊಡ್ಡ ದೊಡ್ಡ ಮುಂದಾಳುಗಳು ಬಂದು ಹೋಗುತ್ತಿದ್ದರು. ಅವರಲ್ಲಿ ಬ್ಯಾರಿಸ್ಟರ್ ಜಿನ್ನಾ ಒಬ್ಬರು. ಹುಟ್ಟಿದ್ದು 1876ರಲ್ಲಿ, ಅಂದರೆ ಹೆಚ್ಚುಕಡಿಮೆ ಅವಳ ತಂದೆಯ ವಯಸ್ಸು. ಹುಡುಗನಾಗಿದ್ದಾಗಲೇ ಮನೆಯವರು ಮಾಡಿದ ಒಂದು ಮದುವೆ ಆಗಿತ್ತು. ಅವರು ಲಂಡನ್ನಿಗೆ ಹೋದ ಮೇಲೆ ಆ ಹೆಂಡತಿ ತೀರಿಕೊಂಡಳು. ಆಮೇಲೆ ಎರಡು ದಶಕಕ್ಕೂ ಮೇಲೆ ಒಂಟಿ, ಕೋರ್ಟು ಮತ್ತು ರಾಜಕೀಯ ಬಿಟ್ಟರೆ ಬೇರೆ ಲೋಕವಿಲ್ಲ.

1916ರ ಬೇಸಗೆಯಲ್ಲಿ ಪೆಟಿಟ್ ಕುಟುಂಬ ಡಾರ್ಜಿಲಿಂಗಿನಲ್ಲಿದ್ದಾಗ ಜಿನ್ನಾ ಅಲ್ಲಿಗೆ ಅತಿಥಿಯಾಗಿ ಹೋದರು. ರತ್ತಿಗೆ ಆಗ 16. ಅಲ್ಲಿಯೇ ಇಬ್ಬರ ಮನಸ್ಸು ಕೂಡಿತು. ಮುಂದಿನ ಪ್ರಸಂಗವನ್ನು ಜಿನ್ನಾರ ಕೈಕೆಳಗೆ ವಕೀಲಿ ಕಲಿತು ಮುಂದೆ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಎಂ.ಸಿ. ಛಾಗ್ಲಾ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಕೋಮು ಕೋಮುಗಳ ನಡುವೆ ಮದುವೆ ಆಗುವುದರ ಬಗ್ಗೆ ತಮ್ಮ ಅಭಿಪ್ರಾಯವೇನೆಂದು ಜಿನ್ನಾ ಸರ್ ದಿನ್‌ಶಾರನ್ನು ಕೇಳಿದರಂತೆ. ಅದರಿಂದ ದೇಶದ ಐಕ್ಯ ಬಲವಾಗುತ್ತದೆ ಎಂದರಂತೆ ಅವರು. ಹಾಗಾದರೆ ನಿಮ್ಮ ಮಗಳನ್ನು ಕೊಡಿ ಎಂದರಂತೆ ಇವರು! ಭಾಷಣದಲ್ಲಿ ಒಪ್ಪಿದ್ದು ಮನೆಯ ಹೊಸ್ತಿಲಿಗೆ ಬಂದಾಗ ತಂದೆಗೆ ನುಂಗಲಾಗಲಿಲ್ಲ. ಮಗಳು ಅಪ್ರಾಪ್ತ ವಯಸ್ಕಳಾಗಿರುವ ತನಕ ಇಬ್ಬರೂ ಭೇಟಿಯಾಗಕೂಡದೆಂದು ಕೋರ್ಟಿನಿಂದ ತಡೆಯಾಜ್ಞೆ ತಂದರು.

ನಾವು ಬಿ.ಕಾಂ.ನಲ್ಲಿ ವ್ಯಾಪಾರ ಕಾನೂನು ಓದುವಾಗ 1903ರ ಮೊಹೊರಿ ಬೀಬಿ ಮೊಕದ್ದಮೆ ಬರುತ್ತದೆ. ಅಪ್ರಾಪ್ತ ವಯಸ್ಕರು ಮಾಡಿದ ಕರಾರು ಕರಾರೇ ಅಲ್ಲ. ಆದರೆ 18 ತುಂಬಿದ ದಿನ ಅದೇ ಕೈಯ ಸಹಿಗೆ ಪೂರ್ತಿ ಬೆಲೆ ಬಂದುಬಿಡ್ತದೆ. ಎದುರಿಗಿರುವವನಿಗೆ 20ಓ 40ಓ ಎಂದು ಕಾನೂನು ಕೇಳುವುದಿಲ್ಲ. ರತ್ತಿ ಎರಡು ವರ್ಷ ಸುಮ್ಮನೆ ಕಾದಳು. 1918ರ ಫೆಬ್ರವರಿ 20ಕ್ಕೆ 18 ತುಂಬಿತು. ಏಪ್ರಿಲ್ 18ರಂದು ಜಾಮಿಯಾ ಮಸೀದಿಯಲ್ಲಿ ಮುಸ್ಲಿಂ ಧರ್ಮ ಸ್ವೀಕರಿಸಿದಳು, ಮರುದಿನ ಮಲಬಾರ್ ಹಿಲ್ಲಿನ ಜಿನ್ನಾರ ಬಂಗಲೆಯಲ್ಲಿ ನಿಕಾಹ್ ಆಯಿತು. ಪಾರ್ಸಿ ಸಮಾಜ ಕೆಂಡವಾಯಿತು. ತಂದೆ ಸಂಬಂಧ ಕಡಿದುಕೊಂಡರು.

ಆ ಕಾಲದಲ್ಲಿ ಜನ ಬಾಯಿಬಾಯಿ ಬಡಿದುಕೊಂಡದ್ದು ಮುಖ್ಯವಾಗಿ ಧರ್ಮದ ಬಗ್ಗೆ. ವಯಸ್ಸಿನ ಅಂತರ ಅಷ್ಟೇನೂ ಹೊಸದಾಗಿರಲಿಲ್ಲ. ಇದೇ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಮಹಾದೇವ ಗೋವಿಂದ ರಾನಡೆಯವರು 1873ರಲ್ಲಿ ರಮಾಬಾಯಿಯವರನ್ನು ಮದುವೆಯಾದಾಗ ಅವರಿಗೆ 31, ಅವಳಿಗೆ 11. ವಿಧವಾ ವಿವಾಹಕ್ಕಾಗಿ ಹೋರಾಡುವ ನೀವು ವಿಧವೆಯನ್ನು ಏಕೆ ಆಗಲಿಲ್ಲ ಎಂದು ಸುಧಾರಕರು ರಾನಡೆಯವರನ್ನು ಹಳಿದರು. ರಾನಡೆ ಆ ಹುಡುಗಿಗೆ ಅಕ್ಷರ ಕಲಿಸಿದರು, ಇಂಗ್ಲಿಷ್ ಕಲಿಸಿದರು, ಸಭೆಯಲ್ಲಿ ಮಾತಾಡುವ ಧೈರ್ಯ ಕೊಟ್ಟರು. ಇದು ಅಂತರದ ಒಂದು ಲಾಭ ಎನ್ನಲೇಬೇಕು. ಆದರೆ 1901ರಲ್ಲಿ ರಾನಡೆ ತೀರಿಕೊಂಡಾಗ ರಮಾಬಾಯಿಯವರಿಗೆ 38. ಆಮೇಲೆ 23 ವರ್ಷ ಒಂಟಿಯಾಗಿ ಬದುಕಿದರು. ಅವರ ಪುಣ್ಯಕ್ಕೆ ಕೈಯಲ್ಲಿ ವಿದ್ಯೆ ಇತ್ತು, ಮಾಡಲು ಕೆಲಸವಿತ್ತು. ಮುಂಬಯಿಯ ಸೇವಾಸದನದ ಮೊದಲ ಅಧ್ಯಕ್ಷೆಯಾದರು. ಈ ಮಾತು ನೆನಪಿರಲಿ, ರತ್ತಿಯ ಕಥೆಗೆ ಬೇಕಾಗುತ್ತದೆ.

ಈಗ ರತ್ತಿಯ ಬದುಕಿನ ಜಮಾ ಬದಿ ನೋಡೋಣ. ಮೊದಲ ವರ್ಷಗಳು ನಿಜಕ್ಕೂ ಸುಖದ ವರ್ಷಗಳು. ಜಿನ್ನಾ ತಮ್ಮ ಹಟ, ಬಿಗುಮಾನ ಎಲ್ಲ ಅವಳೆದುರು ಸಡಿಲಿಸಿದರು. ಗವರ್ನರ್ ವಿಲಿಂಗ್‌ಡನ್ ಅವರ ಮನೆಯ ಔತಣದಲ್ಲಿ ರತ್ತಿಯ ಉಡುಪು ಕಂಡು ಗವರ್ನರರ ಪತ್ನಿ ಅವಳಿಗೆ ಶಾಲು ತರಿಸಲು ಹೊರಟರೆಂದೂ, ಹೆಂಡತಿಗೆ ಚಳಿಯಾದರೆ ಅವಳೇ ಕೇಳುತ್ತಾಳೆಂದು ಹೇಳಿ ಜಿನ್ನಾ ಅವಳೊಡನೆ ಎದ್ದು ಬಂದರೆಂದೂ ಒಂದು ಕಥೆಯುಂಟು. 1918ರ ಡಿಸೆಂಬರಿನಲ್ಲಿ ಅದೇ ವಿಲಿಂಗ್‌ಡನ್‌ಗೆ ಟೌನ್ ಹಾಲಿನಲ್ಲಿ ಸನ್ಮಾನ ಮಾಡಹೊರಟಾಗ ಜಿನ್ನಾ ಜನರನ್ನು ಕಟ್ಟಿಕೊಂಡು ಸಭೆ ನಡೆಯದಂತೆ ಮಾಡಿದರು. ಹದಿನೆಂಟರ ರತ್ತಿಯೂ ಆ ಪ್ರತಿಭಟನೆಯಲ್ಲಿದ್ದಳು. ಆ ಗೆಲುವಿನ ನೆನಪಿಗೆ ಜನ ಚಂದಾ ಎತ್ತಿ ಕಟ್ಟಿಸಿದ್ದೇ ಕಾಂಗ್ರೆಸ್ ಹೌಸಿನ ಆವರಣದ ಜಿನ್ನಾ ಹಾಲ್. ತನ್ನ ಓರಗೆಯ ಹುಡುಗನ ಜೊತೆಗಿದ್ದರೆ ಆ ವಯಸ್ಸಿಗೇ ಇಂಥ ದೊಡ್ಡ ಲೋಕ ಅವಳಿಗೆ ತೆರೆಯುತ್ತಿತ್ತೇ? ಅನುಮಾನ. ಇತ್ತ ಜಿನ್ನಾರಿಗೂ ಲಾಭವೇ. ಒಣಗಿದ ಮನೆಗೆ ನಗು ಬಂತು. 1919ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಮಗಳು ದೀನಾ ಹುಟ್ಟಿದಳು.

ಇನ್ನು ಖರ್ಚಿನ ಬದಿ. ಛಾಗ್ಲಾ ಅವರೇ ಇನ್ನೊಂದು ಚಿತ್ರ ಕೊಡುತ್ತಾರೆ. ಜಿನ್ನಾ ಚೇಂಬರಿನಲ್ಲಿ ಕಕ್ಷಿದಾರರೊಡನೆ ಮಾತಾಡುತ್ತಿರುವಾಗ ರತ್ತಿ ಬಂದು ಅವರ ಮೇಜಿನ ಮೇಲೇ ಕೂತು, ಕಾಲು ಆಡಿಸುತ್ತ, ಯಾವಾಗ ಕೆಲಸ ಮುಗಿದೀತೆಂದು ಕಾಯುವಳಂತೆ. ಜಿನ್ನಾ ಒಂದು ದಿನವೂ ಗದರಲಿಲ್ಲ. ಆದರೆ ಕೆಲಸವನ್ನೂ ನಿಲ್ಲಿಸಲಿಲ್ಲ. ನನಗೆ ಇಡೀ ದಾಂಪತ್ಯ ಆ ಒಂದು ಮೇಜಿನ ಮೇಲೆ ಕಾಣ್ತದೆ. ಅವರಿಗೆ ನಲವತ್ತೈದು ಎಂದರೆ ದುಡಿಮೆ ತುತ್ತತುದಿಗೇರುವ ಪ್ರಾಯ. ಅವಳಿಗೆ ಇಪ್ಪತ್ತೆರಡು ಎಂದರೆ ನೋಡುವ, ಸುತ್ತುವ, ಮಾತಾಡುವ ಪ್ರಾಯ. 1920ರಲ್ಲಿ ನಾಗಪುರದಲ್ಲಿ ಜಿನ್ನಾ ಗಾಂಧೀಜಿಯವರ ದಾರಿ ಒಪ್ಪದೆ ಕಾಂಗ್ರೆಸ್ ಬಿಟ್ಟು ಒಬ್ಬಂಟಿಯಾದರು. 1923ರಲ್ಲಿ ಕೇಂದ್ರ ಶಾಸನಸಭೆಗೆ ಆಯ್ಕೆಯಾದ ಮೇಲೆ ದೆಹಲಿ, ಸಿಮ್ಲಾ ಎಂದು ಓಡಾಟ. ಮನೆಯಲ್ಲಿದ್ದರೂ ಕೈಯಲ್ಲಿ ಕಾಗದಪತ್ರ, ವೃತ್ತಪತ್ರಿಕೆ.

ರತ್ತಿ ಯಾರ ಹತ್ತಿರ ಹೋಗಬೇಕಿತ್ತು? ತವರು ದೂರವಾಗಿತ್ತು, ಸಮಾಜ ಹೊರಗಿಟ್ಟಿತ್ತು. ಸರೋಜಿನಿ ನಾಯ್ಡು ಮತ್ತವರ ಹೆಣ್ಣುಮಕ್ಕಳು, ಗೆಳೆಯ ಕಾಂಜಿ ದ್ವಾರಕಾದಾಸ್, ಸಾಕಿದ ನಾಯಿಬೆಕ್ಕುಗಳು. ಅವಳ ಲೋಕ ಬಹುಪಾಲು ಅಷ್ಟೇ ಆಯಿತು. ರಮಾಬಾಯಿಯವರಿಗಿದ್ದಂಥ ತನ್ನದೇ ಒಂದು ಕೆಲಸ ಅವಳಿಗೆ ಕೂಡಿಬರಲಿಲ್ಲ. ಅನಾರೋಗ್ಯ ಬೇರೆ ಹಿಂಡಿತು. 1928ರ ಆರಂಭದಲ್ಲಿ ಮಲಬಾರ್ ಹಿಲ್ಲಿನ ಮನೆ ಬಿಟ್ಟು ತಾಜಮಹಲ್ ಹೋಟೆಲಿಗೆ ಹೋದಳು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ತೀರಾ ಹಾಸಿಗೆ ಹಿಡಿದಾಗ ಜಿನ್ನಾ ಓಡಿಹೋಗಿ ಆರೈಕೆ ಮಾಡಿದರು. ಮತ್ತೆ ಒಂದಾಗುತ್ತಾರೆಂದು ನೋಡಿದವರು ನಂಬಿದ್ದರು, ಆಗಲಿಲ್ಲ. ಅಕ್ಟೋಬರಿನಲ್ಲಿ ಮಾರ್ಸೇಲ್ಸ್ ಬಂದರಿನಿಂದ ಗಂಡನಿಗೆ ಒಂದು ಕಾಗದ ಬರೆದಳು. ಅದರಲ್ಲಿ ಕೋಪವಿಲ್ಲ, ಪ್ರೀತಿಯಿದೆ, ದಣಿವಿದೆ.

1929ರ ಫೆಬ್ರವರಿ 20ರಂದು, ತನ್ನ 29ನೆಯ ಹುಟ್ಟುಹಬ್ಬದ ದಿನವೇ, ರತ್ತಿ ಮುಂಬಯಿಯಲ್ಲಿ ತೀರಿಕೊಂಡಳು. ಜಿನ್ನಾ ದೆಹಲಿಯಲ್ಲಿದ್ದರು. ಮಜಗಾಂವಿನ ಖೋಜಾ ಕಬರಸ್ತಾನದಲ್ಲಿ ಮಣ್ಣು ಹಾಕುವಾಗ, ಎಂದೂ ಮುಖದಲ್ಲಿ ಭಾವ ತೋರಿಸದ ಆ ಮನುಷ್ಯ ಎಲ್ಲರೆದುರು ಅತ್ತುಬಿಟ್ಟರೆಂದು ಕಂಡವರು ಬರೆದಿದ್ದಾರೆ. 1948ರಲ್ಲಿ ತೀರಿಕೊಳ್ಳುವ ತನಕ ಅವರು ಮತ್ತೆ ಮದುವೆಯಾಗಲಿಲ್ಲ. ದೊಡ್ಡ ಅಂತರ ಎಂದರೆ ಕಿರಿಯಳು ವಿಧವೆಯಾಗುವಳೆಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಇಲ್ಲಿ ಆ ಲೆಕ್ಕವೂ ತಲೆಕೆಳಗಾಯಿತು.

ಇದನ್ನೆಲ್ಲ ನಾನು ಹುಡುಕಿ ಓದಲು ಕಾರಣವಿದೆ. ನಮ್ಮ ದೊಡ್ಡಮ್ಮನ ಮಗಳು, ನನ್ನ ಅಕ್ಕ, ಅವಳಿಗೆ 23. ಅವಳು ಮೆಚ್ಚಿದವರಿಗೆ 40. ಮನೆಯಲ್ಲಿ ಮೂರು ತಿಂಗಳಿಂದ ಇದೇ ಗಲಾಟೆ. ದೊಡ್ಡಪ್ಪ ಅವಳೊಡನೆ ಮಾತು ಬಿಟ್ಟಿದ್ದಾರೆ, ದೊಡ್ಡಮ್ಮ ಅಳುವುದು ಬಿಟ್ಟಿಲ್ಲ. ನಿನಗೇನನ್ನಿಸ್ತದೆ ಮಾರಾಯ್ತಿ ಅಂತ ಅಕ್ಕ ನನ್ನನ್ನು ಕೇಳಿದಳು. ಅವರು ಒಳ್ಳೆಯವರು, ಸ್ಥಿರವಾದ ದುಡಿಮೆ ಇದೆ, ಅವಳ ಮಾತನ್ನು ಪೂರ್ತಿ ಕೇಳ್ತಾರೆ. ಇವೆಲ್ಲ ಸಣ್ಣ ಲಾಭಗಳಲ್ಲ. ನನ್ನ ಕ್ಲಾಸಿನ ಎಷ್ಟೋ ಹುಡುಗರಿಗೆ ಅರ್ಧ ಮಾತು ಕೇಳುವ ತಾಳ್ಮೆಯೂ ಇಲ್ಲ.

ರತ್ತಿಯ ಬದುಕು ಓದಿದ ಮೇಲೆ ನಾನು ಅಕ್ಕನಿಗೆ ಹೇಳಿದ್ದು ಇಷ್ಟು. ಹದಿನೇಳು ವರ್ಷ ಎಂಬ ಸಂಖ್ಯೆಗೆ ಹೆದರಬೇಡ. ಆದರೆ ಹಿರಿಯರಾದವರು ತಮ್ಮ ಲೋಕ ಆಗಲೇ ಕಟ್ಟಿಕೊಂಡಿರುತ್ತಾರೆ. ಅವರ ಗೆಳೆಯರು, ಅವರ ಕೆಲಸ, ಅವರ ಊಟದ ಹೊತ್ತು, ಎಲ್ಲವೂ ನಿಗದಿ. ಕಿರಿಯವರು ಅದರೊಳಗೆ ನೆಂಟರ ಹಾಗೆ ಹೋಗುತ್ತಾರೆ. ಎಷ್ಟು ಉಪಚಾರ ಇದ್ದರೂ ನೆಂಟರು ನೆಂಟರೇ. ಆದ್ದರಿಂದ ನಿನ್ನ ನೌಕರಿ ಬಿಡಬೇಡ, ನಿನ್ನ ಗೆಳತಿಯರನ್ನು ಬಿಡಬೇಡ, ನಿನ್ನ ಹೆಸರಿನ ಬ್ಯಾಂಕ್ ಖಾತೆ ಮುಚ್ಚಬೇಡ. ಇವಕ್ಕೆ ಅವರು ಮನಸ್ಸಿನಿಂದ ಒಪ್ಪುತ್ತಾರೋ ಎಂದು ಮೊದಲೇ ಕೇಳು. ಒಪ್ಪದಿದ್ದರೆ ಅಂತರ ಮೂರೇ ವರ್ಷದ್ದಾದರೂ ಬೇಡ. ಅಕ್ಕ ಇನ್ನೂ ಏನೂ ತೀರ್ಮಾನಿಸಿಲ್ಲ.

ದೊಡ್ಡಪ್ಪನಿಗೆ ಹೇಳುವ ಧೈರ್ಯ ನನಗಿಲ್ಲ, ಅದನ್ನು ಇಲ್ಲಿ ಬರೆಯುತ್ತೇನೆ. ಸರ್ ದಿನ್‌ಶಾ ತಡೆಯಾಜ್ಞೆ ತಂದರು, ಮಗಳು ನಿಲ್ಲಲಿಲ್ಲ. ಬಾಗಿಲು ಮುಚ್ಚಿದರು. ಅದರಿಂದ ಮದುವೆಯೇನೂ ತಪ್ಪಲಿಲ್ಲ, ಮಗಳಿಗೆ ಅತ್ತು ಬರಲು ಒಂದು ಮನೆ ಇಲ್ಲದಂತಾಯಿತು, ಅಷ್ಟೆ. ತಮಾಷೆ ನೋಡಿ, ಮುಂದೆ ಮಗಳು ದೀನಾ 1938ರಲ್ಲಿ ಪಾರ್ಸಿ ಮೂಲದ ನೆವಿಲ್ ವಾಡಿಯಾರನ್ನು ಮದುವೆಯಾದಾಗ ಜಿನ್ನಾ ಕೂಡ ಮಾವನ ಹಾಗೆಯೇ ಸಿಡಿದೆದ್ದರು. ಅಲ್ಲಿಯೂ ಮದುವೆ ನಿಲ್ಲಲಿಲ್ಲ.

ರತ್ತಿಯ ಆಯ್ಕೆ ತಪ್ಪೋ ಸರಿಯೋ ಎಂದು ಹೇಳಲು ನಾನ್ಯಾರು? ಹನ್ನೊಂದು ವರ್ಷದ ಆ ದಾಂಪತ್ಯದಲ್ಲಿ ಪ್ರೀತಿ ಸುಳ್ಳಾಗಿರಲಿಲ್ಲ ಎಂಬುದಕ್ಕೆ ಮಾರ್ಸೇಲ್ಸ್‌ನ ಕಾಗದವೂ ಮಜಗಾಂವಿನ ಕಣ್ಣೀರೂ ಸಾಕ್ಷಿ. ಪ್ರೀತಿ ಇದ್ದೂ ಸಾಲದೇ ಹೋಯಿತಲ್ಲ, ಅದು ನನ್ನನ್ನು ಕಾಡುತ್ತದೆ. ಡಾಕ್‌ಯಾರ್ಡ್ ರೋಡ್ ಸ್ಟೇಶನ್ ಕಡೆ ಹೋಗುವ ಗೆಳತಿಯರು ಮಜಗಾಂವಿನ ಆ ಕಬರಸ್ತಾನದ ಗೋಡೆ ಕಂಡರೆ ಒಂದು ಕ್ಷಣ ಅವಳನ್ನು ನೆನೆಯಿರಿ. ನನಗೀಗ ಇಪ್ಪತ್ತು. ಅವಳು ಈ ಪ್ರಾಯಕ್ಕೆ ತಾಯಿಯಾಗಿದ್ದಳು, ಅವಳ ಪಾಲಿಗೆ ಇನ್ನು ಒಂಬತ್ತೇ ವರ್ಷ ಉಳಿದಿತ್ತು.