ಲೆಕ್ಕ ಕೇಳಿದ ಫಿರೋಜ್ ಗಾಂಧಿ

ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ, ಹೊಲದ ಪಹಣಿಯ ಜೊತೆಗೆ, ಜೀವ ವಿಮಾ ನಿಗಮದ ಪಾಲಿಸಿಯೊಂದಿದೆ. ನಮ್ಮ ತಂದೆಯವರು ಅದಕ್ಕೆ ಹೆಬ್ಬೆಟ್ಟೊತ್ತಿದವರು. ಶೇಂಗಾ ಮಾರಿ ಬಂದ ಹಣದಲ್ಲಿ ಮೊದಲು ಅದರ ಕಂತನ್ನು ತೆಗೆದಿಡುತ್ತಾರೆ. ಸರ್ಕಾರದ ಕೈಯಲ್ಲಿಟ್ಟ ಹಣ ಎಲ್ಲಿಗೂ ಹೋಗದೆಂಬುದು ಅವರ ನಂಬಿಕೆ. ಆ ನಂಬಿಕೆಯನ್ನು ಕಾಯುವವರು ಯಾರು? ಈ ಪ್ರಶ್ನೆಯೇ ನನ್ನನ್ನು ಫಿರೋಜ್ ಗಾಂಧಿಯವರ ಜೀವನದ ಕಡೆಗೆ ಕರೆದೊಯ್ದಿತು.

ಅವರು ಹುಟ್ಟಿದ್ದು 1912ರ ಸೆಪ್ಟೆಂಬರ್ 12ರಂದು, ಮುಂಬಯಿಯ ಪಾರ್ಸಿ ಮನೆತನದಲ್ಲಿ, ಬೆಳೆದದ್ದು ಅಲಹಾಬಾದಿನಲ್ಲಿ. 1930ರಲ್ಲಿ ಕಾಲೇಜು ಬಿಟ್ಟು ಸ್ವಾತಂತ್ರ್ಯ ಸಮರಕ್ಕೆ ಧುಮುಕಿ ಸೆರೆಮನೆ ಕಂಡರು. 1942ರಲ್ಲಿ ಇಂದಿರಾ ನೆಹರೂ ಅವರನ್ನು ವಿವಾಹವಾದರು. 1952ರಲ್ಲಿ ರಾಯಬರೇಲಿಯ ಕಡೆಯಿಂದ ಲೋಕಸಭೆಗೆ ಆರಿಸಿ ಬಂದರು.

1955ರಲ್ಲಿ, ವಿಮಾ ಕಂಪನಿಯೊಂದರ ಹಣವನ್ನು ಉದ್ಯಮಿ ದಾಲ್ಮಿಯಾ ಸ್ವಂತಕ್ಕೆ ಬಳಸಿದ್ದನ್ನು ಅವರು ಸಭೆಯಲ್ಲಿ ಬಯಲಿಗೆಳೆದರು. ಮರುವರ್ಷವೇ ಜೀವ ವಿಮೆ ರಾಷ್ಟ್ರೀಕರಣಗೊಂಡು ನಿಗಮ ಸ್ಥಾಪನೆಯಾಯಿತು.

ಆದರೆ ಒಡೆತನ ಬದಲಾದ ಮಾತ್ರಕ್ಕೆ ಲೆಕ್ಕ ಶುದ್ಧವಾದೀತೇ? 1957ರ ಜೂನಿನಲ್ಲಿ ನಿಗಮವು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳಿಗೆ ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಸುರಿಯಿತು. ಮುಂಧ್ರಾ ಆಗ ಹಣದ ಮುಗ್ಗಟ್ಟಿನಲ್ಲಿದ್ದನು. ಹೂಡಿಕೆಗೆಂದೇ ಇದ್ದ ಸಮಿತಿಯನ್ನು ಮುಂಚಿತವಾಗಿ ಕೇಳಿರಲಿಲ್ಲ. ಡಿಸೆಂಬರಿನಲ್ಲಿ ಫಿರೋಜರು ಎದ್ದು ನಿಂತು, ದಿನಾಂಕ, ದರಗಳ ಸಮೇತ ಲೆಕ್ಕ ಕೇಳಿದರು. ಸರ್ಕಾರ ಅವರದೇ ಪಕ್ಷದ್ದು. ಪ್ರಧಾನಿ ಅವರ ಮಾವನವರೇ. ಕಂತು ಕಟ್ಟಿದ ಬಡವನಿಗೆ ಇವೆರಡರಿಂದ ಆಗಬೇಕಾದ್ದೇನು?

ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ಮುಂಬಯಿಯಲ್ಲಿ ಬಹಿರಂಗವಾಗಿಯೇ ನಡೆಯಿತು. ಕಾರ್ಯದರ್ಶಿಯ ಕೃತ್ಯಕ್ಕೆ ಮಂತ್ರಿಯೇ ಹೊಣೆಯೆಂದು ಅವರು ತೀರ್ಮಾನಿಸಿದರು. 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆಯಿತ್ತರು.

ರೈಲ್ವೆಗೆ ಎಂಜಿನ್ನು ಒದಗಿಸುತ್ತಿದ್ದ ಟೆಲ್ಕೊ ಕಂಪನಿಯು ಜಪಾನಿನ ಎಂಜಿನ್ನಿನ ಹೆಚ್ಚುಕಡಿಮೆ ಇಮ್ಮಡಿ ಬೆಲೆ ಪಡೆಯುತ್ತಿದೆಯೆಂದೂ ಫಿರೋಜರು ಆಕ್ಷೇಪಿಸಿದ್ದರು. ಟಾಟಾ ಮನೆತನದವರೂ ಪಾರ್ಸಿಗಳೇ. ಆ ನಂಟೂ ಅವರ ಬಾಯಿ ಕಟ್ಟಲಿಲ್ಲ.

ಸಂಸತ್ತಿನ ನಡಾವಳಿಯನ್ನು ಪತ್ರಿಕೆಗಳು ನಿರ್ಭಯವಾಗಿ ಅಚ್ಚಿಸಲೆಂದು ಅವರು ತಂದ ಖಾಸಗಿ ಮಸೂದೆ 1956ರಲ್ಲಿ ಕಾಯಿದೆಯಾಗಿತ್ತು. ಅವರ ಪತ್ನಿಯೇ ಪ್ರಧಾನಿಯಾಗಿದ್ದ ತುರ್ತು ಪರಿಸ್ಥಿತಿಯಲ್ಲಿ ಅದು ರದ್ದಾಗಿ, 1977ರಲ್ಲಿ ಮರಳಿ ಬಂದಿತು. ಅದನ್ನು ನೋಡಲು ಅವರಿರಲಿಲ್ಲ. 1960ರ ಸೆಪ್ಟೆಂಬರ್ 8ರಂದು, 48 ತುಂಬುವ ಮುನ್ನವೇ, ಹೃದಯಾಘಾತದಿಂದ ತೀರಿಕೊಂಡಿದ್ದರು.

ರಜೆಯಲ್ಲಿ ಈ ವೃತ್ತಾಂತವನ್ನು ತಂದೆಯವರಿಗೆ ಹೇಳಿದೆ. ಹಣದ ಮಾತನ್ನು ಅವರು ಎತ್ತಲಿಲ್ಲ. ಅಷ್ಟು ದೊಡ್ಡವರನ್ನು ಕೇಳಿದವನಿಗೆ ತೊಂದರೆಯಾಗಲಿಲ್ಲವೇ ಎಂದು ವಿಚಾರಿಸಿದರು. ಸಾಯುವ ತನಕ ಅವರು ಲೋಕಸಭೆಯ ಸದಸ್ಯರಾಗಿಯೇ ಇದ್ದರೆಂದೆ. ತಂದೆಯವರು ಸಮಾಧಾನದಿಂದ ಪೆಟ್ಟಿಗೆ ಮುಚ್ಚಿದರು.

ಮಿತ್ರರೇ, ನಾಳೆ ನಮ್ಮಲ್ಲಿ ಎಷ್ಟೋ ಮಂದಿ ಕಚೇರಿಗಳ ಕುರ್ಚಿಯಲ್ಲಿ ಕುಳಿತೇವು. ಸರ್ಕಾರದ ಹಣವೆಂದರೆ ಯಾರದೋ ಶೇಂಗಾದ ಹಣವೆಂಬುದನ್ನು ಮರೆಯದಿರೋಣ. ಲೆಕ್ಕ ಕೇಳಬಂದವನನ್ನು ವೈರಿಯೆಂದೆಣಿಸದೆ, ಕಡತ ಬಿಚ್ಚಿ ತೋರಿಸೋಣ.