ಕೇಳಿಸದ ಶಬ್ದಕ್ಕೆ ಬೆಳಕು ಹಿಡಿದ ರಾಮನ್

ಪ್ರತಿವರ್ಷ ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಸರ್ ಸಿ.ವಿ.ರಾಮನ್ ಅವರನ್ನು ನೆನೆಯಲಾಗುತ್ತದೆ. ಆ ನೆನಪು 1928ರ ರಾಮನ್ ಪರಿಣಾಮಕ್ಕೆ ಸೀಮಿತ. ಬೆಂಗಳೂರಿನಲ್ಲಿ ಅವರು ಶ್ರವಣಾತೀತ ಶಬ್ದದ ಬಗ್ಗೆ ನಡೆಸಿದ ಸಂಶೋಧನೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಜೋಯಿಡಾದ ಕಾಡಂಚಿನ ಹಳ್ಳಿಯಿಂದಾಗಲಿ, ದಾಂಡೇಲಿ, ಹಳಿಯಾಳ, ಮುಂಡಗೋಡಗಳಿಂದಾಗಲಿ ಸ್ಕ್ಯಾನಿಂಗ್‌ಗೆ ತೆರಳುವ ಗರ್ಭಿಣಿಗೆ ಮಗುವಿನ ಚಿತ್ರ ತೋರಿಸುವುದು ಇದೇ ಶಬ್ದ.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್, 1907ರಲ್ಲಿ ಕೋಲ್ಕತ್ತದಲ್ಲಿ ಸರಕಾರಿ ಲೆಕ್ಕಪತ್ರ ಅಧಿಕಾರಿಯಾದರು. ಕಚೇರಿಯ ವೇಳೆ ಮುಗಿದ ಮೇಲೆ ಪ್ರಯೋಗಾಲಯ ಸೇರುತ್ತಿದ್ದ ಅವರು ಪಿಟೀಲು, ವೀಣೆ, ಮೃದಂಗಗಳ ನಾದವನ್ನು ಅಭ್ಯಸಿಸಿದರು. 1917ರಲ್ಲಿ ಆ ಹುದ್ದೆ ತೊರೆದು ಪ್ರಾಧ್ಯಾಪಕರಾದರು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡರು.

ಶ್ರವಣಾತೀತ ಶಬ್ದ ಹರಿಯುತ್ತಿರುವ ದ್ರವದ ಮೂಲಕ ಬೆಳಕು ಹಾಯ್ದರೆ ಅದು ಹಲವು ರೇಖೆಗಳಾಗಿ ಒಡೆಯುವುದನ್ನು ಅಮೆರಿಕ ಮತ್ತು ಫ್ರಾನ್ಸ್‌ನ ವಿಜ್ಞಾನಿಗಳು 1932ರಲ್ಲಿ ಕಂಡಿದ್ದರು. ಅದಕ್ಕೆ ತೃಪ್ತಿಕರ ವಿವರಣೆ ನೀಡಿದವರು ರಾಮನ್ ಹಾಗೂ ಅವರ ಸಹಸಂಶೋಧಕ ನಾಗೇಂದ್ರನಾಥ್. ವಿದ್ಯುತ್ತಿನಿಂದ ಕಂಪಿಸುವ ಬೆಣಚುಕಲ್ಲಿನ ಹರಳು ಹೊರಡಿಸುವ ಶಬ್ದ, ದ್ರವವನ್ನು ಪದರ ಪದರವಾಗಿ ಒತ್ತುತ್ತದೆ, ಸಡಿಲಿಸುತ್ತದೆ. ಒತ್ತಿದ ಪದರದಲ್ಲಿ ಬೆಳಕಿನ ವೇಗ ತಗ್ಗಿ, ಅದರ ಅಲೆಯ ಮುಖ ಸುಕ್ಕುಗಟ್ಟುತ್ತದೆ, ರೇಖೆಗಳು ಮೂಡುತ್ತವೆ. 1935-36ರಲ್ಲಿ ಪ್ರಕಟವಾದ ಈ ಲೇಖನಮಾಲೆ ರಾಮನ್-ನಾಥ್ ಸಿದ್ಧಾಂತವೆಂದು ಹೆಸರಾಯಿತು.

ಸ್ಕ್ಯಾನಿಂಗ್ ಯಂತ್ರದಲ್ಲಿಯೂ ಹರಳೇ ಶಬ್ದದ ಮೂಲ. ಮನುಷ್ಯನ ಕಿವಿ ಸೆಕೆಂಡಿಗೆ 20 ಸಾವಿರ ಕಂಪನಗಳವರೆಗೆ ಮಾತ್ರ ಕೇಳಬಲ್ಲದು. ಇಲ್ಲಿ ಕಂಪನಗಳು 20 ಲಕ್ಷವನ್ನೂ ಮೀರುತ್ತವೆ. ದೇಹದ ಮೃದು ಭಾಗಗಳಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಸಾಗುವ ಶಬ್ದ, ಒಂದು ಅಂಗ ಮುಗಿದು ಮತ್ತೊಂದು ಆರಂಭವಾಗುವಲ್ಲಿ ಪ್ರತಿಧ್ವನಿಸುತ್ತದೆ. ಮರಳಿದ ಸಮಯದಿಂದ ಆಳವನ್ನೂ, ಪ್ರತಿಧ್ವನಿಯ ಬಲದಿಂದ ಚಿತ್ರದ ಹೊಳಪನ್ನೂ ಯಂತ್ರ ನಿರ್ಧರಿಸುತ್ತದೆ. ನಡುವೆ ಗಾಳಿಯಿದ್ದರೆ ಶಬ್ದ ಒಳಹೋಗದೆ ಮರಳುವುದರಿಂದ ಹೊಟ್ಟೆಗೆ ಜೆಲ್ ಹಚ್ಚಲಾಗುತ್ತದೆ.

ಈ ಯಂತ್ರವನ್ನು ರೂಪಿಸಿದವರು ರಾಮನ್ ಅಲ್ಲ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ತಂಡ 1958ರಲ್ಲಿ ಭ್ರೂಣದ ಚಿತ್ರಗಳನ್ನು ಪ್ರಕಟಿಸಿತು. ಆದರೆ ಸ್ಕ್ಯಾನರ್ ಹೊರಡಿಸುವ ಶಬ್ದವನ್ನು ನೀರಿನ ತೊಟ್ಟಿಯಲ್ಲಿ ಬೆಳಕು ಹಾಯಿಸಿ ಪರೀಕ್ಷಿಸುವ ವಿಧಾನಕ್ಕೆ ಬೆಂಗಳೂರಿನ ಆ ಸಿದ್ಧಾಂತವೇ ಆಧಾರ.

ಈ ಸಾಧನೆಯ ದಿನಗಳೇ ರಾಮನ್ ಅವರಿಗೆ ಕಷ್ಟದ ದಿನಗಳಾಗಿದ್ದವು. ಆಡಳಿತದ ಬಗ್ಗೆ ಭಿನ್ನಾಭಿಪ್ರಾಯ ಬೆಳೆದು, ವಿಚಾರಣಾ ಸಮಿತಿ ನೇಮಕಗೊಂಡಿತು. 1937ರಲ್ಲಿ ಅವರು ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಅವರು ಬೆಂಗಳೂರು ಬಿಡಲಿಲ್ಲ, ಸಂಶೋಧನೆಯನ್ನೂ ಬಿಡಲಿಲ್ಲ. 1948ರವರೆಗೆ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದು, ಬಳಿಕ ಸ್ವಂತ ಸಂಶೋಧನಾ ಸಂಸ್ಥೆ ಕಟ್ಟಿದರು. 1954ರಲ್ಲಿ ಭಾರತರತ್ನ ಗೌರವ ಸಂದಿತು.

1970ರ ನವೆಂಬರ್ 21ರಂದು ನಿಧನರಾದ ರಾಮನ್ ಅವರ ಅಂತ್ಯಸಂಸ್ಕಾರ ತಾವೇ ಕಟ್ಟಿದ ಆ ಸಂಸ್ಥೆಯ ಆವರಣದಲ್ಲಿ ನೆರವೇರಿತು.