ರಸ್ತೆಗೆ ತನ್ನ ಹೆಸರು ಕೊಟ್ಟ ಮೆಕಾಡಮ್

ಮಕ್ಕಳೇ, ಪೇಟೆ ಬೀದಿಯ ಅಂಚಿನಲ್ಲಿ ಹಾಸಿರುವ ಇಂಟರ್‌ಲಾಕ್ ಇಟ್ಟಿಗೆಗಳನ್ನು ನೀವು ನೋಡಿರಬಹುದು. ಹೊಸತರಲ್ಲಿ ನೆಲ ಸಮತಟ್ಟಾಗಿರುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಲ್ಲಿ ಕುಸಿದು ಗುಂಡಿ ಬೀಳುತ್ತದೆ. ಆ ಗುಂಡಿಯಲ್ಲಿರುವ ಇಟ್ಟಿಗೆಯನ್ನು ಗಮನಿಸಿ. ಎಷ್ಟೋ ಸಲ ಅದು ಒಡೆದೇ ಇರುವುದಿಲ್ಲ! ಹಾಗಾದರೆ ಕೆಟ್ಟದ್ದು ಏನು? ಇಂಥ ಪ್ರಶ್ನೆಗೆ ಇನ್ನೂರು ವರ್ಷಗಳ ಹಿಂದೆಯೇ ಉತ್ತರ ಕಂಡುಕೊಂಡವನು ಜಾನ್ ಲೌಡನ್ ಮೆಕಾಡಮ್.

ಮೆಕಾಡಮ್ ಹುಟ್ಟಿದ್ದು 1756ರಲ್ಲಿ, ಸ್ಕಾಟ್ಲೆಂಡಿನ ಏರ್ ಎಂಬ ಊರಿನಲ್ಲಿ. 1770ರಲ್ಲಿ ತಂದೆ ತೀರಿಕೊಂಡ. ಹದಿನಾಲ್ಕರ ಹುಡುಗ ಹಡಗು ಹತ್ತಿ ನ್ಯೂಯಾರ್ಕಿನಲ್ಲಿ ವ್ಯಾಪಾರಿಯಾಗಿದ್ದ ಬಂಧುವಿನ ಮನೆ ಸೇರಿದ. ವ್ಯಾಪಾರ ಕಲಿತ, ಚೆನ್ನಾಗಿಯೇ ಗಳಿಸಿದ. ಆದರೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪಕ್ಷ ವಹಿಸಿದ್ದರಿಂದ ಗಳಿಸಿದ್ದರಲ್ಲಿ ಬಹುಭಾಗ ಕಳೆದುಕೊಂಡು 1783ರಲ್ಲಿ ತಾಯ್ನಾಡಿಗೆ ಮರಳಿದ.

ಊರಿನ ಸುತ್ತಲಿನ ರಸ್ತೆಗಳ ಉಸ್ತುವಾರಿ ಸಮಿತಿಗೆ ಆತ ಸದಸ್ಯನಾದ. ಆಗಿನ ರಸ್ತೆಗಳ ಅವಸ್ಥೆ ಹೇಳತೀರದು. ಗುಂಡಿ ಬಿದ್ದಲ್ಲಿ ದಪ್ಪ ಕಲ್ಲು, ಮೇಲೊಂದಿಷ್ಟು ಮಣ್ಣು ಸುರಿಯುತ್ತಿದ್ದರು. ಮಳೆ ಬಂದರೆ ಎಲ್ಲ ಕೆಸರು. ಕುದುರೆಗಾಡಿಗಳು ಹೂತುಕೊಳ್ಳುತ್ತಿದ್ದವು, ಮಗುಚುತ್ತಿದ್ದವು. ಜನರಿಂದ ಸುಂಕ ವಸೂಲಿ ಮಾತ್ರ ತಪ್ಪುತ್ತಿರಲಿಲ್ಲ!

ಮೆಕಾಡಮ್ ಎಂಜಿನಿಯರಿಂಗ್ ಓದಿದವನಲ್ಲ. ನೋಡಿ ಕಲಿಯುವುದೇ ಅವನ ಪಾಠಶಾಲೆ. 1798ರಿಂದ 1814ರವರೆಗೆ ಸ್ವಂತ ಖರ್ಚಿನಲ್ಲಿ ಸುಮಾರು 30,000 ಮೈಲಿ, ಅಂದರೆ 48,000 ಕಿಲೋಮೀಟರ್ ತಿರುಗಿ ರಸ್ತೆಗಳನ್ನು ಪರೀಕ್ಷಿಸಿದ. ಕೊನೆಗೆ ಅವನಿಗೆ ಹೊಳೆದದ್ದು ಇಷ್ಟು: ಗಾಡಿಯ ಭಾರವನ್ನು ಕೊನೆಗೆ ಹೊರುವುದು ಅಡಿಯಲ್ಲಿರುವ ನೆಲ. ನೆಲ ಒಣಗಿದ್ದರೆ ಎಷ್ಟು ಭಾರವನ್ನಾದರೂ ತಡೆಯುತ್ತದೆ. ನೀರು ಕುಡಿದರೆ ಮೆತ್ತಗಾಗಿ ಕುಸಿಯುತ್ತದೆ. ಮೇಲಿನ ಕಲ್ಲಿನ ಹಾಸು ಆ ನೆಲಕ್ಕೆ ಹೊದಿಸಿದ ಚಾವಣಿ ಇದ್ದಂತೆ.

ನೀವೂ ಪರೀಕ್ಷಿಸಬಹುದು. ಎರಡು ಡಬ್ಬಿಗಳಲ್ಲಿ ಒಂದೇ ಬಗೆಯ ಮಣ್ಣು ತುಂಬಿ ಗಟ್ಟಿಯಾಗಿ ಒತ್ತಿ. ಒಂದಕ್ಕೆ ನೀರು ಹಾಕಿ ನೆನೆಯಲು ಬಿಡಿ. ಎರಡರ ಮೇಲೂ ಒಂದೇ ಅಳತೆಯ ಚಿಕ್ಕ ಹಲಗೆ ಇಟ್ಟು, ಅದರ ಮೇಲೆ ಒಂದೊಂದು ಇಟ್ಟಿಗೆ ಹೇರಿ. ಯಾವುದು ಹೆಚ್ಚು ಇಳಿಯಿತು?

ಮೆಕಾಡಮ್ ಮೊದಲು ನೆಲವನ್ನು ಸುತ್ತಲಿಗಿಂತ ಎತ್ತರಿಸಿ ಪಕ್ಕದಲ್ಲಿ ಚರಂಡಿ ತೋಡಿಸಿದ. ರಸ್ತೆಯ ನಡುಭಾಗ ಅಂಚಿಗಿಂತ ತುಸು ಉಬ್ಬಿರುವಂತೆ ಮಾಡಿದ. ಮೂವತ್ತು ಅಡಿ ಅಗಲದ ರಸ್ತೆಗೆ ಮೂರು ಅಂಗುಲದ ಉಬ್ಬು ಸಾಕೆಂದ. ಅದರ ಮೇಲೆ ಒಡೆದ ಜಲ್ಲಿಯನ್ನು ಪದರಪದರವಾಗಿ ಸುಮಾರು ಹತ್ತು ಅಂಗುಲ ದಪ್ಪಕ್ಕೆ ಹರಡಿಸಿದ. ಒಂದು ಕಲ್ಲೂ ಆರು ಔನ್ಸಿಗಿಂತ, ಅಂದರೆ ಸುಮಾರು 170 ಗ್ರಾಮಿಗಿಂತ ಹೆಚ್ಚು ತೂಗಬಾರದು! ತೂಗಿ ನೋಡಲು ಮೇಸ್ತ್ರಿಗಳ ಕೈಯಲ್ಲಿ ತಕ್ಕಡಿ ಇರುತ್ತಿತ್ತು. ದಪ್ಪ ಕಲ್ಲನ್ನು ಚಕ್ರ ಮೇಲೆಬ್ಬಿಸಿ ಉರುಳಿಸುತ್ತದೆ. ಮೂಲೆಗಳಿರುವ ಚಿಕ್ಕ ಕಲ್ಲುಗಳಾದರೋ ಗಾಡಿ ಓಡಿದಷ್ಟೂ ಒಂದರ ಸಂದಿಗೆ ಇನ್ನೊಂದು ಕಚ್ಚಿಕೊಂಡು ಬಿಗಿಯಾಗುತ್ತವೆ. ಜಲ್ಲಿಗೆ ಮಣ್ಣು ಬೆರೆಸಲು ಆತ ಬಿಡಲಿಲ್ಲ. ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದಲ್ಲ.

ಕಲ್ಲನ್ನು ಕುಳಿತು ಒಡೆಯಬೇಕೆಂಬುದೂ ಅವನದೇ ಏರ್ಪಾಡು. ಇದರಿಂದ ಹೆಂಗಸರಿಗೂ ಮುದುಕರಿಗೂ ಕೂಲಿ ಸಿಕ್ಕಿತು. ಹುಡುಗರನ್ನೂ ಈ ಕೆಲಸಕ್ಕೆ ಹಚ್ಚುತ್ತಿದ್ದರು. ನಿಮ್ಮ ವಯಸ್ಸಿನವರು ಸುತ್ತಿಗೆ ಹಿಡಿದು ಕೂರುವುದು ಆಗ ಯಾರಿಗೂ ತಪ್ಪೆನಿಸಿರಲಿಲ್ಲ.

1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸೀಮೆಯ ರಸ್ತೆಗಳ ಹೊಣೆ ಆತನಿಗೆ ಬಂತು. ಆಗ ವಯಸ್ಸು ಅರವತ್ತರ ಹತ್ತಿರ! ದಪ್ಪ ಕಲ್ಲಿನ ಅಡಿಪಾಯವಿಲ್ಲದೆ ರಸ್ತೆ ನಿಲ್ಲುವುದೇ ಎಂದು ಅನುಮಾನಿಸಿದವರಿದ್ದರು. ಹೆಸರಾಂತ ಎಂಜಿನಿಯರ್ ಥಾಮಸ್ ಟೆಲ್ಫರ್ಡ್ ಅಂಥ ಅಡಿಪಾಯವನ್ನೇ ನೆಚ್ಚಿದ್ದ. ಆದರೆ ಮೆಕಾಡಮನ ರಸ್ತೆಗೆ ಖರ್ಚು ಕಡಿಮೆ. ಮಳೆಗಾಲದಲ್ಲೂ ಗಾಡಿ ಓಡಿದ್ದನ್ನು ಕಂಡು ಬೇರೆ ಊರಿನವರೂ ಅವನನ್ನು ಕರೆದರು. ಆತ ಕೈಯಿಂದ ಹಾಕಿದ್ದ ಹಣದಲ್ಲಿ ಒಂದಷ್ಟನ್ನು ಪಾರ್ಲಿಮೆಂಟು ಮರಳಿಸಿತು. ಸರ್ ಪದವಿ ಕೊಡಲು ಬಂದಾಗ ಆತ ಬೇಡವೆಂದ. ಅದು ಮಗನಿಗೆ ಸಂದಿತು. 1836ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಸ್ಕಾಟ್ಲೆಂಡಿನ ಮಾಫಟ್‌ನಲ್ಲಿ ಮೆಕಾಡಮ್ ತೀರಿಕೊಂಡ.

ಅವನ ಜಲ್ಲಿ ರಸ್ತೆ ಭಾರತಕ್ಕೂ ಬಂತು. ಜಲ್ಲಿ ಹರಡಿ, ಕಲ್ಲುಪುಡಿ ತುಂಬಿ, ನೀರು ಹಾಕಿ ರೋಲರ್ ಓಡಿಸಿದ ಹಾಸನ್ನು ಎಂಜಿನಿಯರುಗಳು ಇಂದಿಗೂ ವಾಟರ್ ಬೌಂಡ್ ಮೆಕಾಡಮ್ ಎನ್ನುತ್ತಾರೆ. ಮೋಟಾರು ವಾಹನ ಬಂದ ಮೇಲೆ ಬರಿಯ ಜಲ್ಲಿ ತಾಳಲಿಲ್ಲ. ವೇಗದ ಚಕ್ರಗಳು ಸಂದಿಯ ಪುಡಿಯನ್ನು ಧೂಳೆಬ್ಬಿಸಿ ಕಲ್ಲನ್ನು ಸಡಿಲಗೊಳಿಸಿದವು. ಅದನ್ನು ಹಿಡಿದಿಡಲು ಡಾಂಬರು ಬಂತು.

ಇಂಟರ್‌ಲಾಕ್ ಇಟ್ಟಿಗೆಯದೂ ಅದೇ ಕಥೆ. ಅದರಡಿ ಮರಳು, ಮರಳಿನಡಿ ಒತ್ತಿ ಕೂರಿಸಿದ ಜಲ್ಲಿ, ಅದರಡಿ ನೆಲ. ಇಟ್ಟಿಗೆಗಳು ಜರುಗದಂತೆ ಅಂಚಿಗೆ ಕಲ್ಲು, ಸಂದಿಗೆ ಮರಳು. ಹೂವಿನಹಡಗಲಿ ಸೀಮೆಯ ಎರೆಹೊಲಗಳನ್ನು ಬಲ್ಲವರಿಗೆ ನೆಲದ ಗುಣ ಹೊಸದಲ್ಲ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅಂಥ ನೆಲದಲ್ಲಿ ಚರಂಡಿ ಕಟ್ಟಿಕೊಂಡು ನೀರು ನಿಂತರೆ, ಎಷ್ಟೇ ಗಟ್ಟಿ ಇಟ್ಟಿಗೆ ಹಾಸಿದ್ದರೂ ಒಂದು ಕಡೆ ಎದ್ದು ಇನ್ನೊಂದು ಕಡೆ ಕುಸಿಯುತ್ತದೆ. ಕಿತ್ತು ನೋಡಿದರೆ ಇಟ್ಟಿಗೆ ಹಾಗೇ ಇರುತ್ತದೆ. ಅಡಿಯ ಮಣ್ಣು ಮಾತ್ರ ರಾಡಿಯಾಗಿರುತ್ತದೆ.